ನಮ್ಮ ಬಾವಿಗೆ ಗಪ್ಪಿ ಬೇಡ, ಇಲ್ಲಿಯ ಮೀನೇ ಸಾಕು

ಮಾನ್ಯ ಶಾಸಕರೇ,

ನಮಸ್ಕಾರ. ಮರಾಠಿಯಲ್ಲಿ ಕೊಟ್ಟ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಚುನಾವಣೆ ಹೊತ್ತಿನಲ್ಲಿ ನಮ್ಮ ಕನ್ನಡ ಸಂಘಕ್ಕೂ ಬಂದಿದ್ದಿರಿ, ಕಷ್ಟವಿದ್ದರೆ ಹೇಳಿ ಅಂದಿದ್ದಿರಿ. ಅದಕ್ಕೇ ಎಲ್ಲರೂ ಓದುವ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮುಂಬೈಯ ಬಾವಿ, ಕೆರೆಗಳಿಗೆ ಸೊಳ್ಳೆ ಮರಿ ತಿನ್ನಲಿ ಅಂತ ಗಪ್ಪಿ, ಗಂಬೂಸಿಯಾ ಎಂಬ ವಿದೇಶಿ ಮೀನುಗಳನ್ನು ಸುರಿಯುವುದನ್ನು ನಿಲ್ಲಿಸಿ.

ನಾನು ಮನೆಯಲ್ಲಿ ನಮ್ಮ ನಾಡಿನ ಸಣ್ಣ ಮೀನುಗಳನ್ನು ಸಾಕುತ್ತೇನೆ. ಗಾಜಿನ ತೊಟ್ಟಿಯ ತುಂಬ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ಸಹ್ಯಾದ್ರಿ ತೊರೆಗಳ ಕ್ರಿಪ್ಟೊಕೋರೈನ್ ಎಂಬ ನೀರಿನ ಗಿಡಗಳು ಬೆಳೆದಿವೆ. ಅದರಲ್ಲಿ ಪಟ್ಟೆ ಪ್ಯಾಂಚಾಕ್ಸ್ ಇದೆ. ಬೆರಳುದ್ದದ ಮೀನು. ತಲೆ ಮೇಲೆ ಹೊಳೆಯುವ ಒಂದು ಚುಕ್ಕೆ, ಮೈಮೇಲೆ ಚಿನ್ನದ ಬಣ್ಣದ ಸಾಲುಗಳು. ಫ್ರಾನ್ಸಿನ ವಿಜ್ಞಾನಿ ವಾಲೆನ್ಸಿಯೆನ್ 1846ರಲ್ಲಿ ಇದನ್ನು ಮೊದಲು ವಿವರಿಸಿದ್ದು ಬಾಂಬೆಯಿಂದ ಹೋದ ಮೀನು ನೋಡಿಯೇ. ಇದಕ್ಕಿಂತ ಮುಂಬೈಯದ್ದು ಇನ್ಯಾವುದು ಬೇಕು?

ಇದರ ಬಾಯಿ ಮೇಲ್ಮುಖವಾಗಿದೆ. ನೀರಿನ ಮೇಲ್ಪದರದಲ್ಲೇ ಓಡಾಡುತ್ತದೆ. ಸೊಳ್ಳೆ ಮರಿ ಉಸಿರಿಗೆ ಮೇಲೆ ಬರಲೇಬೇಕಲ್ವಾ, ಬಂದ ಕೂಡಲೇ ನುಂಗುತ್ತದೆ. ನಮ್ಮ ಕಾಲೊನಿಯ ಹಳೇ ಬಾವಿಯಲ್ಲಿ ಈ ಮೀನು ಬೇಕಾದಷ್ಟಿತ್ತು. ನನ್ನ ತೊಟ್ಟಿಗೆ ಬಂದದ್ದೂ ಅಲ್ಲಿಂದಲೇ. ಆಮೇಲೆ ಯಾರೋ ಬಕೆಟ್ಟಿನಲ್ಲಿ ಗಪ್ಪಿ ತಂದು ಸುರಿದರು. ಈಗ ಬಗ್ಗಿ ನೋಡಿದರೆ ಬರೀ ಗಪ್ಪಿ.

ಗಪ್ಪಿ ದಕ್ಷಿಣ ಅಮೆರಿಕದ ಮೀನು, 1908ರಲ್ಲಿ ನಮ್ಮ ದೇಶಕ್ಕೆ ತಂದರು. ಗಂಬೂಸಿಯಾ ಉತ್ತರ ಅಮೆರಿಕದ್ದು, 1928ರಲ್ಲಿ ಬಂತು. ಎರಡೂ ನೇರವಾಗಿ ಮರಿ ಹಾಕುತ್ತವೆ, ಹಾಗಾಗಿ ಬೇಗ ತುಂಬಿಕೊಳ್ಳುತ್ತವೆ. ಪ್ಯಾಂಚಾಕ್ಸ್ ಗಿಡದ ಎಲೆ, ಬೇರಿಗೆ ದಿನಕ್ಕೆ ಕೆಲವೇ ಮೊಟ್ಟೆ ಅಂಟಿಸುತ್ತದೆ. ಅವು ಒಡೆಯಲು ಸುಮಾರು ಎರಡು ವಾರ ಬೇಕು. ಗಂಬೂಸಿಯಾ ಇದ್ದ ಕಡೆ ಅಷ್ಟು ದಿನ ಮೊಟ್ಟೆ ಉಳಿಯುವುದು ಕಷ್ಟ. ಅದು ಬೇರೆ ಮೀನುಗಳ ಮೊಟ್ಟೆ, ಮರಿ ತಿನ್ನುತ್ತದೆ, ರೆಕ್ಕೆ ಕಚ್ಚಿ ಹರಿಯುತ್ತದೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ.

ಕಳೆದ ಮಳೆಗಾಲದಲ್ಲಿ ನಡೆದದ್ದನ್ನು ನಾನು ಮರೆಯಲಾರೆ. ಬಾಲ್ಕನಿಯ ಟಬ್ಬಿನಲ್ಲಿ ಪ್ಯಾಂಚಾಕ್ಸ್ ಮರಿಗಳನ್ನು ಬೆಳೆಸುತ್ತಿದ್ದೆ. ಸೊಳ್ಳೆ ತಪಾಸಣೆಯವರು ಬಂದರು. ನಿಂತ ನೀರು ಅಂದರು. ಮೀನಿದೆ ನೋಡಿ, ಒಂದೇ ಒಂದು ಸೊಳ್ಳೆ ಮರಿ ತೋರಿಸಿ ಎಂದು ನನ್ನ ಹೆಂಡತಿ ಕೇಳಿಕೊಂಡಳು. ಅವರು ನೋಡಲಿಲ್ಲ. ಎಣ್ಣೆ ಸುರಿದು ಹೋದರು. ನೀರಿನ ಮೇಲೆ ಎಣ್ಣೆ ಹರಡಿದರೆ ಸೊಳ್ಳೆ ಮರಿಗೆ ಉಸಿರು ಕಟ್ಟುತ್ತದೆ, ಸರಿ. ಮೇಲ್ಪದರದಲ್ಲೇ ಬದುಕುವ ಮೀನಿನ ಗತಿ? ನಾನು ಕೆಲಸದಿಂದ ಬರುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ಬಾವಿಯಲ್ಲಿ ಇಲ್ಲವಾದ ತಳಿಯನ್ನು ಅಲ್ಲಿ ಉಳಿಸಿಕೊಂಡಿದ್ದೆ. ಇದಕ್ಕೆ ಯಾರು ಉತ್ತರ ಕೊಡುತ್ತಾರೆ?

ಬಡ ಹುಡುಗರು, ಗುತ್ತಿಗೆ ಕೆಲಸ. ಅವರ ಮೇಲೆ ನನಗೆ ಕೋಪವಿಲ್ಲ. ಮೀನಿದ್ದ ನೀರಿಗೆ ಎಣ್ಣೆ ಹಾಕಬೇಡಿ ಎಂದು ಅವರಿಗೆ ಹೇಳಿಕೊಡದವರ ಮೇಲಿದೆ. ಡೆಂಗಿ ಬಂದು ನಮ್ಮ ಮನೆಯವರೂ ಆಸ್ಪತ್ರೆ ಸೇರಿದ್ದಾರೆ. ಸೊಳ್ಳೆ ಬೇಡ ಅಂತ ನಾನೂ ಹೇಳುತ್ತೇನೆ. ಆದರೆ ಗಪ್ಪಿ, ಗಂಬೂಸಿಯಾ ಬೇಡ.

ಕಾನೂನು ನಿಮಗೆ ಗೊತ್ತೇ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ಆಕ್ರಮಣಕಾರಿ ವಿದೇಶಿ ಜೀವಿಗಳನ್ನು ತಡೆಯುವ ಮಾತಿದೆ. ಕಾಗದದಲ್ಲಿ ಹಾಗೆ, ನಮ್ಮ ಬಾವಿಯಲ್ಲಿ ಹೀಗೆ.

ನನ್ನ ಇನ್ನೊಂದು ತೊಟ್ಟಿಯಲ್ಲಿ ಸೆತ್ನಾ ಬಾರ್ಬ್ ಇದೆ. ಗೋವಾ, ಕರ್ನಾಟಕದ ಘಟ್ಟದ ಹೊಳೆಗಳ ಅಪರೂಪದ ಮೀನು. ಹೊಳೆಗಳೂ ನಮ್ಮ ಬಾವಿಯ ಹಾಗಾದರೆ ಇಂಥವನ್ನು ಗಾಜಿನೊಳಗೆ ಮಾತ್ರ ನೋಡಬೇಕಾಗುತ್ತದೆ ಎಂಬ ಭಯ ನನಗಿದೆ.

ನನ್ನ ತೊಟ್ಟಿಯ ಮೀನನ್ನು ಕೆರೆಗೆ ಬಿಡಿ ಅಂತ ಕೇಳುತ್ತಿಲ್ಲ. ಹಾಗೆ ಸುಮ್ನೆ ಬಿಡಬಾರದು, ರೋಗ ಹರಡುತ್ತದೆ. ಮೀನುಗಾರಿಕೆ ಇಲಾಖೆಯವರು ಇಲ್ಲಿಯ ಪ್ಯಾಂಚಾಕ್ಸನ್ನೇ ಮರಿ ಮಾಡಿಸಲಿ. ಬಾವಿಗೆ ಅದನ್ನೇ ಬಿಡಲಿ. ಮೀನಿರುವ ತೊಟ್ಟಿ, ಟಬ್ಬುಗಳಿಗೆ ಎಣ್ಣೆ ಹಾಕಬಾರದೆಂದು ಲಿಖಿತ ಆದೇಶ ಬರಲಿ.

ಮತ್ತೆ ಹೇಳುತ್ತೇನೆ, ಗಪ್ಪಿ, ಗಂಬೂಸಿಯಾ ಬಿಡುವುದನ್ನು ನಿಲ್ಲಿಸಿ. ಜೂನ್ ಮಳೆಗೆ ಮೊದಲು ನಿಲ್ಲಿಸಿ. ಈ ಸಲವಾದರೂ ಉತ್ತರ ಕೊಡಿ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ