ಟೋಕಿಯೊದಲ್ಲಿ ಅಚ್ಚಾದ ತಾಜ್ ಮಹಲ್

ಸಂಪಾದಕರೇ,

ಕಲೆಯ ಪುಟದಲ್ಲಿ ಚಾರ್ಲ್ಸ್ ಬಾರ್ಟ್ಲೆಟ್ ಅವರಿಗೂ ಒಂದಿಷ್ಟು ಜಾಗ ಕೊಡಿ. 1860ರಲ್ಲಿ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಹುಟ್ಟಿದ ಇವರು ಲಂಡನ್, ಪ್ಯಾರಿಸ್‌ನಲ್ಲಿ ಚಿತ್ರಕಲೆ ಕಲಿತವರು. 1913ರಲ್ಲಿ ಹೊರಟು ಭಾರತವನ್ನೆಲ್ಲ ಸುತ್ತಿ, ಆಗ್ರಾ, ಉದಯಪುರ, ಮಧುರೈ ಅಂತ ಸ್ಕೆಚ್ ಮಾಡಿಕೊಂಡು ಜಪಾನಿಗೆ ಹೋದರೆ, ಅಲ್ಲಿ ಪ್ರಕಾಶಕ ವತನಬೆ ಶೊಜಬುರೊ ಸಿಕ್ಕರು, 1916ರಲ್ಲಿ ಅವೇ ಸ್ಕೆಚ್‌ಗಳು ಮರದಚ್ಚಿನ ಪ್ರಿಂಟ್‌ಗಳಾದವು, ಅಂದರೆ ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಬಣ್ಣ ಬಳಿದು, ಕಾಗದಕ್ಕೆ ಒತ್ತಿ ತೆಗೆದ ಚಿತ್ರಗಳು. ಆಗ ವಯಸ್ಸು ಐವತ್ತೈದರ ಆಸುಪಾಸು!

ತಾಜ್ ಮಹಲಿನ ಪ್ರಿಂಟ್‌ನಲ್ಲಿ ಆಕಾಶದ ಬಣ್ಣ ಮೆಲ್ಲಗೆ ತಿಳಿಯಾಗುತ್ತಾ ಹೋಗುತ್ತದಲ್ಲ, ಅದು ಮುದ್ರಕ ಒದ್ದೆ ಹಲಗೆಯ ಮೇಲೆ ಬ್ರಷ್ ಎಳೆದು ತಂದದ್ದು. ಕೆತ್ತಿದವರು, ಒತ್ತಿದವರು ಜಪಾನಿನ ಕುಶಲಕರ್ಮಿಗಳು, ಹೆಸರು ಮಾತ್ರ ಬಾರ್ಟ್ಲೆಟ್‌ದು. ಸ್ವಲ್ಪ ಅನ್ಯಾಯ ಅಲ್ವಾ? 1917ರಲ್ಲಿ ಊರಿಗೆ ಹೊರಟವರು ದಾರಿಯಲ್ಲಿ ಹವಾಯಿಯಲ್ಲಿ ಇಳಿದು, 1940ರಲ್ಲಿ ಸಾಯುವವರೆಗೂ ಅಲ್ಲೇ ಉಳಿದರು.

ಚಿತ್ರ ಹಾಕುವುದಾದರೆ ದಯವಿಟ್ಟು ಬಣ್ಣದಲ್ಲೇ ಹಾಕಿ.

– ಓದುಗ, ಮೈಸೂರು