ಮೆಣಸು ಬೆಳೆಗಾರರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮುಂಬೈನ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಿಂದ ನಮ್ಮ ಮೂಡಿಗೆರೆ ಕಡೆಯವರಿಗೆ ಏನು ಲಾಭ ಅಂತ ನಿನ್ನೆ ಒಬ್ಬರು ಇಲ್ಲಿ ಕೇಳಿದ್ದರು. ಒಳ್ಳೇ ಪ್ರಶ್ನೆ.

ಕಣದಲ್ಲಿ ಒಣಗಿಸಿದ ಮೆಣಸಿನ ಕಾಳಿಗೆ ಮಣ್ಣು, ಹಕ್ಕಿ ಹಿಕ್ಕೆಯಿಂದ ರೋಗಾಣು ಅಂಟುತ್ತೆ. ರಫ್ತಿಗೆ ಅದೇ ದೊಡ್ಡ ತಲೆನೋವು, ಅಲ್ವಾ? ಈ ರೋಗಾಣು ಕೊಲ್ಲಲು, ಟ್ರಾಂಬೆ ಕೇಂದ್ರದ ತಂತ್ರಜ್ಞಾನದಿಂದ, ನವಿ ಮುಂಬೈನ ವಾಶಿ ಘಟಕದಲ್ಲಿ 2000ದಿಂದ ಮಸಾಲೆಗೆ ಗಾಮಾ ಕಿರಣ (ಒಂದು ಬಗೆಯ ವಿಕಿರಣ) ಹಾಯಿಸುತ್ತಿದ್ದಾರೆ. ಪೆಟ್ಟಿಗೆ ಬಿಚ್ಚೋದೇ ಬೇಡ. ಬಿಸಿ ಮಾಡದ ಕಾರಣ ಘಮ ಉಳಿಯುತ್ತೆ. ಕಾಳಿನಲ್ಲಿ ವಿಕಿರಣ ಉಳಿಯೋದಿಲ್ಲ, ಹೆದರಬೇಡಿ.

ಇದೇ ರೀತಿ ಮಹಾರಾಷ್ಟ್ರದ ಲಾಸಲಗಾಂವ್ ಘಟಕದಲ್ಲಿ ಕಿರಣ ಹಾಯಿಸಿ ಸಂಸ್ಕರಿಸಿದ ಮಾವು 2007ರಲ್ಲಿ ಅಮೆರಿಕಕ್ಕೆ ಹೋಯಿತು. ಟ್ರಾಂಬೆ ಕೇಂದ್ರ ರೂಪಿಸಿದ ಶೇಂಗಾ ತಳಿ ಟಿಎಜಿ-24 ಕೂಡ ರೈತರ ಹೊಲದಲ್ಲಿದೆ. ಇದೆಲ್ಲ ರೈತರ ಕೈಗೆ ಬರುವ ದುಡ್ಡೇ.

ಆದರೆ ಒದ್ದೆ ಮೆಣಸಿಗೆ ಗಾಮಾ ಕಿರಣ ಮದ್ದಲ್ಲ. ಮೊದಲು ಚೆನ್ನಾಗಿ ಒಣಗಿಸಿ. ಒಟ್ಟಿಗೆ ರಫ್ತು ಮಾಡಲು ಆಸಕ್ತಿ ಇರುವವರು ದಯವಿಟ್ಟು ಇಲ್ಲೇ ಹೆಸರು ಹಾಕಿ.