ಹಾಸನದಲ್ಲಿ ಬೀಚ್ ಇದೆಯಾ?

ರಾತ್ರಿ ಹನ್ನೊಂದೂವರೆ. ಸುದ್ದಿಪತ್ರ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು, ಸಂಪಾದಕೀಯದ ಜಾಗ ಇನ್ನೂ ಖಾಲಿ. ಡಿಸೆಂಬರ್‌ಗೆ ಊರಿಗೆ ಟಿಕೆಟ್ ಆಯ್ತು ಅಂದಾಗ ಏಳು ವರ್ಷದ ಮಗಳು ಕೇಳಿದ್ದನ್ನೇ ಬರೆದುಬಿಡುತ್ತೇನೆ. "ಹಾಸನದಲ್ಲಿ ಬೀಚ್ ಇದೆಯಾ?" ಇಲ್ಲ ಅಂದೆ. "ಮತ್ತೆ ರಜಕ್ಕೆ ಅಲ್ಲಿಗ್ಯಾಕೆ ಹೋಗೋದು?"

ಬೀಚ್ ಇಲ್ಲ, ನಿಜ. ಆದರೆ ಘಟ್ಟ ಇಳಿದರೆ ಸಮುದ್ರ, ಅಲ್ವಾ?

1998ರ ದಸರಾ ರಜ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬರುತ್ತಿದ್ದ ಕಾಲ, ಮಂಗಳೂರಿಗೆ ರೈಲಿರಲಿಲ್ಲ. ಅಪ್ಪ ಬಾಡಿಗೆಗೆ ವ್ಯಾನ್ ಮಾಡಿದರು. ಚಿಕ್ಕಪ್ಪನ ಮನೆಯವರೂ ಸೇರಿ ಹನ್ನೊಂದು ಜನ. ಅಜ್ಜಿ ಬಾಳೆಎಲೆಯಲ್ಲಿ ಪುಳಿಯೋಗರೆ ಕಟ್ಟಿಕೊಂಡಿದ್ದರು. ಶಿರಾಡಿ ತಿರುವಿನಲ್ಲಿ ವಾಂತಿ ಬರದಿರಲಿ ಅಂತ ಮಕ್ಕಳಿಗೆಲ್ಲ ಒಂದೊಂದು ನಿಂಬೆಹಣ್ಣು. ಮೂಸುತ್ತಾ ಮೂಸುತ್ತಾ ಗುಂಡ್ಯದವರೆಗೆ ಬಂದೆವು. ಅಲ್ಲಿ ವಾಂತಿ ಮಾಡಿಕೊಂಡವರು ಚಿಕ್ಕಪ್ಪ.

ಉಡುಪಿಯಲ್ಲಿ ಕೃಷ್ಣನ ದರ್ಶನ ಮುಗಿಸಿ ಮಲ್ಪೆ ಮುಟ್ಟಿದಾಗ ಸಂಜೆ ನಾಲ್ಕು. ಅಜ್ಜಿ ಅದುವರೆಗೆ ಕಂಡಿದ್ದ ದೊಡ್ಡ ನೀರೆಂದರೆ ಗೊರೂರು ಡ್ಯಾಮು. ಚಪ್ಪಲಿ ಬಿಟ್ಟು ಮರಳಿನ ಮೇಲೆ ನಿಂತರು, ನೀರಿಗೆ ಮಾತ್ರ ಇಳಿಯಲೊಲ್ಲರು. ಅಮಾವಾಸ್ಯೆಯೂ ಅಲ್ಲ, ಹುಣ್ಣಿಮೆಯೂ ಅಲ್ಲ, ಸುಮ್ನೆ ಯಾವ್ಯಾವುದೋ ದಿನ ಸಮುದ್ರ ಮುಟ್ಟಬಾರದಂತೆ. ಅಪ್ಪ ಎಷ್ಟು ಹೇಳಿದರೂ ಊಹೂಂ. ಅಲೆ ಮುಂದೆ ಬಂದರೆ ನೆರಿಗೆ ಎತ್ತಿಕೊಂಡು ಇವರು ಹಿಂದೆ. ಅಲೆ ಹಿಂದೆ ಸರಿದರೆ ಇವರು ಎರಡು ಹೆಜ್ಜೆ ಮುಂದೆ. ಹೀಗೇ ಅರ್ಧ ಗಂಟೆ. ಕೊನೆಗೊಂದು ಅಲೆ ಬಂದು ಮೊಣಕಾಲವರೆಗೆ ತೋಯಿಸಿಬಿಟ್ಟಿತು. ಅಜ್ಜಿ ಕೈಮುಗಿದು ನನ್ನ ಕಡೆ ತಿರುಗಿದರು. "ನಾನೇನ್ ಮುಟ್ಲಿಲ್ಲ ಕಣಮ್ಮ, ಅವ್ನೇ ಬಂದು ಮುಟ್ಟಿದ."

ಆಮೇಲೆ ಕತ್ತಲಾದರೂ ಅವರನ್ನು ಎಬ್ಬಿಸಲು ಆಗಲಿಲ್ಲ. ಹೊರಡುವಾಗ ಕಾಫಿ ಫ್ಲಾಸ್ಕಿನಲ್ಲಿ ಸಮುದ್ರದ ನೀರು ತುಂಬಿಸಿಕೊಂಡರು. ಮುಂದೆ ಒಂದು ವಾರ ಮನೆ ಕಾಫಿ ಉಪ್ಪುಪ್ಪು.

ಈ ಸಲ ಊರಿಗೆ ಹೋಗುವವರು ಮಕ್ಕಳನ್ನು ಎರಡು ದಿನ ಕೆಳಗೆ ಕರೆದುಕೊಂಡು ಹೋಗಿ. ಪ್ಯಾಸೆಂಜರ್ ರೈಲು 2007ರ ಡಿಸೆಂಬರ್‌ನಲ್ಲೇ ಮತ್ತೆ ಶುರುವಾಗಿದೆ. ಹಗಲು ರೈಲನ್ನೇ ಹಿಡಿಯಿರಿ. ಸಕಲೇಶಪುರ ದಾಟಿದರೆ 57 ಸುರಂಗ, ಮಕ್ಕಳು ಎಣಿಸಲಿ. 2021ರಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯೂ ಇದೆ. ಮಂಗಳೂರಿನಲ್ಲಿ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟಿದರೆ ತಣ್ಣೀರುಬಾವಿ ಬೀಚ್. ಕಾಪುವಿನ ದೀಪಸ್ತಂಭ 1901ರದು. ಸಂಜೆ ಸ್ವಲ್ಪ ಹೊತ್ತು ಮಾತ್ರ ಹತ್ತಲು ಬಿಡುತ್ತಾರೆ, ತಡ ಮಾಡಬೇಡಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು ಮಳೆಗಾಲದಲ್ಲಿ ಇರುವುದಿಲ್ಲ, ಡಿಸೆಂಬರ್‌ನಲ್ಲಿ ತೊಂದರೆಯಿಲ್ಲ. ಅಲ್ಲಿನ ಕಲ್ಲುಕಂಬಗಳು ಲಾವಾ ತಣ್ಣಗಾಗುವಾಗ ತಾವೇ ಸೀಳಿ ಆದದ್ದು. ಹಳೇಬೀಡು ನೋಡಿ ಬೆಳೆದ ನಮಗೆ ಯಾರೂ ಕಡೆಯದ ಕಂಬ ಅಂದರೆ ನಂಬುವುದೇ ಕಷ್ಟ.

ಗಡಿಬಿಡಿಯಲ್ಲಿ ಸೂಚನೆಗಳು: ರಾಜ್ಯೋತ್ಸವ ನವೆಂಬರ್ ಮೊದಲ ಶನಿವಾರ, ಮಧ್ಯಾಹ್ನ ಮೂರಕ್ಕೆ, ಕಳೆದ ವರ್ಷದ ಹಾಲ್‌ನಲ್ಲೇ. ಡ್ಯಾನ್ಸ್ ಮಾಡುವ ಮಕ್ಕಳ ಹೆಸರು ಈ ಭಾನುವಾರದೊಳಗೆ ಬರಲಿ. ಊಟಕ್ಕೆ ಹದಿನಾಲ್ಕು ಮನೆಯವರು ಬಿಸಿಬೇಳೆಬಾತ್ ಬರೆಸಿದ್ದೀರಿ, ಯಾರಾದರೂ ಮೊಸರನ್ನಕ್ಕೆ ಬದಲಾಯಿಸಿಕೊಳ್ಳಿ. ಹೋದ ಸಲ ಉಳಿದ ಸ್ಟೀಲ್ ಸೌಟು ನಮ್ಮ ಮನೆಯಲ್ಲಿದೆ.

ಇನ್ನೊಂದು ಮಾತು. ಡಿಸೆಂಬರ್ ಸಂಚಿಕೆಯ ಹೊತ್ತಿಗೆ ನಾನು ಊರಲ್ಲಿರುತ್ತೇನೆ. ಕನ್ನಡ ಟೈಪಿಂಗ್ ಬಂದರೆ ಸಾಕು, ಪುಟ ಕಟ್ಟುವುದನ್ನು ಒಂದು ಸಂಜೆಯಲ್ಲಿ ಹೇಳಿಕೊಡುತ್ತೇನೆ. ನಾಲ್ಕು ವರ್ಷದಿಂದ ಒಬ್ಬಳೇ ಮಾಡುತ್ತಿದ್ದೇನೆ. ಯಾರಾದರೂ ಕೈ ಎತ್ತಿ. ಕಾಫಿ ನನ್ನದು, ಫ್ಲಾಸ್ಕ್ ಬೇರೆ.